ಗೀಸರಿಗೆ ಕಟ್ಟಿದ ಸುಣ್ಣ

ಭೂಮಿ,

ನೈಟ್ ಡ್ಯೂಟಿ ಮುಗಿಸಿ ಬಂದವಳೇ ಗೀಸರ್ ಹಾಕಬೇಡ, ಕಾಯಿಲ್ ಸುಟ್ಟುಹೋಗಿದೆ. ನಿನ್ನೆ ಸಂಜೆ ಮೆಕ್ಯಾನಿಕ್ ಲೋಗನಾಥನ್ ಬಿಚ್ಚಿ ನೋಡಿದರು. "ಬೋರ್ ತಣ್ಣಿ ಅಲ್ವಾ ಸಾರ್, ಒಳಗೆಲ್ಲ ಸುಣ್ಣ ಕಟ್ಟಿದೆ. ನಾಳೆ ಹೊಸಾದು ಹಾಕಿಕೊಡ್ತೀನಿ" ಅಂದರು.

ಸ್ನಾನಕ್ಕೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ ಮುಚ್ಚಿಟ್ಟಿದ್ದೇನೆ. ತಲೆಗೆ ಮಾತ್ರ ಕುಡಿಯುವ ಕ್ಯಾನ್ ನೀರು ಹಾಕಿಕೋ. ಈ ಬೋರ್ ನೀರಿಗೆ ಕೂದಲು ಉದುರುತ್ತಿದೆ ಎಂದು ನಿಮ್ಮಮ್ಮನ ಹತ್ತಿರ ಹೇಳಿದೆಯಂತೆ. ಒಂದೇ ಮನೆಯಲ್ಲಿದ್ದೂ ನನಗೆ ಅದು ಊರಿನಿಂದ ಫೋನಿನಲ್ಲಿ ತಿಳಿಯಬೇಕಾಯಿತು. ನಿನ್ನ ಮೇಲೆ ಕೋಪವಿಲ್ಲ. ನಾನು ತಿರುಪ್ಪೂರಿಗೆ ಕೆಲಸಕ್ಕೆ ಹೊರಟ ಮೇಲೆ ನೀನು ಬರುತ್ತೀಯ, ಹೇಳುವುದಾದರೂ ಯಾವಾಗ?

ಯೂನಿಫಾರ್ಮನ್ನು ಇನ್ನು ವಾಷಿಂಗ್ ಮೆಷಿನ್ನಿಗೆ ಹಾಕಬೇಡ, ಬಿಳಿ ಬಟ್ಟೆ ಬೂದಿಯಂತಾಗುತ್ತಿದೆ. ರಾತ್ರಿ ನಾನೇ ಕೈಯಲ್ಲಿ ಒಗೆದೆ. ನೆನೆಸುವ ಮುಂಚೆ ಅದರಲ್ಲಿ ಆಸ್ಪತ್ರೆಯ ವಾಸನೆಯ ಜೊತೆ ನಿನ್ನ ಪೌಡರಿನ ವಾಸನೆಯೂ ಇತ್ತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಿದ್ದೆ.

ಲೋಗನಾಥನ್‌ಗೆ ಮಧ್ಯಾಹ್ನ ಬರಲು ಹೇಳಿದ್ದೇನೆ. ಬೆಲ್ ಆದರೆ ನೀನು ಏಳಬೇಡ. ಗೀಸರ್ ರಿಪೇರಿ ಎಂದು ಹೇಳಿ ಅರ್ಧ ದಿನ ರಜೆ ಪಡೆದಿದ್ದೇನೆ. ರಿಪೇರಿಗೆ ಅಷ್ಟೆಲ್ಲ ಹೊತ್ತು ಬೇಡ, ನನಗೂ ಗೊತ್ತು. ನೀನು ಚೆನ್ನಾಗಿ ನಿದ್ದೆ ಮಾಡು. ಎದ್ದಾಗ ನಾನು ಮನೆಯಲ್ಲೇ ಇರುತ್ತೇನೆ.

ಸಂದೇಶ್