ಉಸಿರು ತೆಗೆದುಕೊಳ್ಳದ ದನಿ

ಮಂಗಳವಾರ, ಮಧ್ಯಾಹ್ನ

ಗುಬ್ಬೀ,

ಅಕ್ಕನ ಆಶೀರ್ವಾದ. ನೀನೂ ನಿನ್ನ ಮಂಡಿನೋವೂ ಹೇಗಿದ್ದೀರಿ? ನಿನ್ನ ಕಾಗದ ಬಂದು ವಾರದ ಮೇಲಾಯಿತು. ಅಕ್ಕ ಉತ್ತರ ಬರೆಯಲಿಲ್ಲ ಎಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ಊದಿಸಿಕೋ. ಕ್ಷಮೆ ಕೇಳುವ ಅಭ್ಯಾಸ ನನಗಿಲ್ಲ, ಆದರೂ ಈ ಸಲ ಕೇಳಿದೆ ಅಂದುಕೋ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ತಪ್ಪಿದ್ದ ಕಡೆ ನೀನೇ ತಿದ್ದಿಕೊಂಡು ಓದು. ಕೆಂಪು ಗೆರೆ ಎಳೆದು ವಾಪಸು ಕಳಿಸಬೇಡ.

ಫೋನು ಮಾಡಿದರೆ ಎತ್ತುವುದಿಲ್ಲ ಯಾಕೆ ಎಂದು ಕೇಳಿದ್ದೀಯ. ಫೋನು ಕೆಟ್ಟಿದೆ ಎಂದು ನನ್ನ ಮಗ ಹೇಳಿದನಂತೆ. ಮೋಟಾರು ರಿಪೇರಿ ಮಾಡುವವನ ಮನೆಯಲ್ಲಿ ಫೋನು ಎರಡು ತಿಂಗಳು ಕೆಟ್ಟು ಕೂರುತ್ತದೆಯೇ? ಸುಳ್ಳು ಹೇಳುವುದಕ್ಕೂ ತಲೆ ಬೇಕು. ನಿಜವಾದ ಕಾರಣ ಕೊನೆಗೆ ಬರೆಯುತ್ತೇನೆ. ಮೊದಲು ಅವಸರದ್ದು.

ನಿನ್ನ ಮನೆಗೆ ಒಬ್ಬ ಹುಡುಗಿ ಬರುತ್ತಾಳೆ. ಹಾಡಿನ ಕಂಪನಿಯವಳು. ಮಾತು ಕೇಳಿದರೆ ಇರುವೆ ಮುತ್ತಬೇಕು, ಹಾಗಾಗಿ ನಾನು ಅವಳಿಗೆ ಸಕ್ಕರೆ ಅಂತಲೇ ಹೆಸರಿಟ್ಟಿದ್ದೇನೆ. ಕುರ್ಚಿಯ ತುದಿಯಲ್ಲಿ ಕೂತು, ನಿನ್ನ ಮಂಡಿಯನ್ನು ವಿಚಾರಿಸಿ, ಆಮೇಲೆ ಸ್ಲೇಟಿನಷ್ಟು ದೊಡ್ಡ ಫೋನನ್ನು ಮುಂದೆ ಹಿಡಿದು, "ಇಲ್ಲೊಂದು ಬೆರಳು ಒತ್ತಿಬಿಡಿ ಅಮ್ಮಾ" ಅನ್ನುತ್ತಾಳೆ. ಒತ್ತಬೇಡ. ಯಾಕೆ ಅಂತ ಹೇಳುತ್ತೇನೆ, ನಡುವೆ ಬಾಯಿ ಹಾಕದೆ ಓದು.

ಕ್ಯಾಸೆಟ್ ಸಾಹುಕಾರನ ಗೋಡೌನು ನೆನಪಿದೆಯಲ್ಲ? ಗೋಡೆಗೆಲ್ಲ ಹಾಸಿಗೆ ನೇತುಹಾಕಿ, ಸದ್ದಾಗುತ್ತದೆ ಎಂದು ಫ್ಯಾನು ಆರಿಸಿ, ಬೆವರು ಸುರಿಸಿಕೊಂಡು ಹಾಡಿದೆವಲ್ಲ. "ಗುಡುಗು-ಗುಬ್ಬಿ ಬಂದ್ರಾ? ಬಾಗಿಲು ಹಾಕ್ರೋ!" ಎಂದು ಕೂಗುತ್ತಿದ್ದ. ನನ್ನ ಗಂಟಲು ಗುಡುಗು, ನಿನ್ನದು ಗುಬ್ಬಿ. ಕ್ಯಾಸೆಟ್ಟಿನ ಮೇಲೆ ಮಾತ್ರ ನನ್ನೊಬ್ಬಳ ಹೆಸರು. "ನಮ್ಮ ಸೊಸೆ ಹೆಸರು ಬಸ್ ಸ್ಟ್ಯಾಂಡಿನಲ್ಲಿ ಮಾರೋದು ಬೇಡ" ಎಂದು ನಿನ್ನ ಮಾವ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹೆಸರು ಬೇಡ, ದನಿ ಆಗಬಹುದು! ಆ ಮುದುಕನ ಲೆಕ್ಕವೇ ಹಾಗೆ.

ಉದ್ದ ಸಾಲು ಬಂದಾಗ ನಾವು ಮಾಡುತ್ತಿದ್ದದ್ದು ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನನಗೆ ಉಸಿರು ಸಾಲದೆ ಬಂದರೆ ನಿನ್ನ ಮಣಿಕಟ್ಟು ಒತ್ತುತ್ತಿದ್ದೆ. ನೀನು ತಕ್ಷಣ ಗಂಟಲು ದಪ್ಪ ಮಾಡಿಕೊಂಡು ನನ್ನ ದನಿಯ ಹಾಗೇ ಎತ್ತಿಕೊಳ್ಳುತ್ತಿದ್ದೆ. ನಾನು ಸದ್ದಿಲ್ಲದೆ ಉಸಿರು ಎಳೆದುಕೊಂಡು ಬಂದು ಮತ್ತೆ ಸೇರುತ್ತಿದ್ದೆ. ಸಾಲು ಎಲ್ಲೂ ಕಡಿಯುತ್ತಿರಲಿಲ್ಲ. ಸಾಹುಕಾರನಂಥ ಸಾಹುಕಾರನಿಗೂ ಪತ್ತೆಯಾಗಲಿಲ್ಲ. "ಅಬ್ಬಾ, ಈಕೆಗೆ ಶ್ವಾಸಕೋಶ ಎಷ್ಟಿವೆಯಪ್ಪಾ!" ಎಂದು ಜನ ಬಾಯಿ ಬಿಟ್ಟರು. ಎರಡಲ್ಲ, ನಾಲ್ಕು.

ಸಾಹುಕಾರ ಜಿಪುಣ, ಅದು ಬೇರೆ ಮಾತು. ಆದರೆ ಮುಂದಿನ ಕ್ಯಾಸೆಟ್ಟಿಗೆ ನಾವು ಬೇಕು ಅನ್ನುವ ಭಯ ಅವನಿಗಿತ್ತು. ನಮಗೆ ನೆಗಡಿಯಾದರೆ ಅವನಿಗೆ ಜ್ವರ ಬರುತ್ತಿತ್ತು. ಅವನು ಹೋದ ಮೇಲೆ ಅವನ ಮಗ ಟೇಪುಗಳನ್ನೆಲ್ಲ ಚೀಲಕ್ಕೆ ತುಂಬಿ, ಹಳೇ ಕಬ್ಬಿಣ ಮಾರಿದ ಹಾಗೆ ಈ ಕಂಪನಿಗೆ ಮಾರಿದ. ಈ ಕಂಪನಿಗೆ ಭಯವಿಲ್ಲ ಗುಬ್ಬೀ. ನಾವು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಅದೇ ನನಗೆ ಹೆದರಿಕೆ.

ಹೋದ ವರ್ಷ ಸಕ್ಕರೆ ಮೊದಲ ಸಲ ಬಂದಾಗ ನಾನು ಚೆನ್ನಾಗಿಯೇ ಜಾಡಿಸಿದೆ.

"ಅಮ್ಮಾ, ನಿಮ್ಮ ಹಾಡನ್ನ ಈಗ ಪ್ರಪಂಚದಲ್ಲೆಲ್ಲ ಫೋನಲ್ಲಿ ಕೇಳ್ತಾರೆ."

"ಕೇಳಲಿ. ನನಗೇನು ಬರತ್ತೆ?"

"ಒಂದು ಸಲ ಕೇಳಿದ್ರೆ ಪೈಸೆಯಲ್ಲಿ ಒಂದು ಚೂರು."

"ಚೂರು ಅಂದ್ರೆ? ಕಣ್ಣಿಗೆ ಕಾಣತ್ತಾ?"

ನಕ್ಕಳು. "ಕಂಪ್ಯೂಟರಿಗೆ ಕಾಣತ್ತೆ ಅಮ್ಮಾ."

"ಹಾಗಿದ್ರೆ ಕಂಪ್ಯೂಟರನ್ನೇ ಊಟಕ್ಕೆ ಕೂರಿಸು, ನನ್ನನ್ನ ಬಿಡು."

ಅವಳಿಗೆ ಸಿಟ್ಟೇ ಬರುವುದಿಲ್ಲ. ಬರಬೇಕಿತ್ತು, ಆಗ ನಾನು ಎಚ್ಚರವಾಗಿರುತ್ತಿದ್ದೆ. "ಅದಕ್ಕೇ ಹಳೇ ಹಾಡು ನಂಬ್ಕೊಂಡು ಕೂರಬಾರದು ಅನ್ನೋದು. ನೀವು ದನಿ ಕೊಡಿ, ಹಾಡು ನಾವು ಮಾಡ್ಕೋತೀವಿ" ಅಂದಳು. ಅವರು ರಾಗ ತರುತ್ತಾರೆ, ನಾನು ಹಾಡುತ್ತೇನೆ ಎಂದು ನಾನು ಅರ್ಥ ಮಾಡಿಕೊಂಡೆ. ಹಾಡಿನವರ ಮಾತಿಗೆ ಹಾಡುವವಳು ಇನ್ನೇನು ಅರ್ಥ ಮಾಡಿಕೊಳ್ಳಬೇಕು? ಗಂಟಲು ಆಗಲೇ ಸ್ವಲ್ಪ ಒರಟಾಗಿತ್ತು. ಇರುವಾಗ ಕೊಟ್ಟುಬಿಡೋಣ ಎಂದು ಬೆರಳು ಒತ್ತಿದೆ.

ಕರೆದುಕೊಂಡು ಹೋಗಿ ಸ್ಪಂಜಿನ ಗೋಡೆಯ ಕೋಣೆಯಲ್ಲಿ ಕೂರಿಸಿದರು. ಹಾಡಿಸಲೇ ಇಲ್ಲ! ಅಂಕಿ ಹೇಳಿಸಿದರು, ವಾರಗಳ ಹೆಸರು ಹೇಳಿಸಿದರು, ನಗಿಸಿದರು, ಆಶ್ಚರ್ಯಪಡಿ ಅಂದರು. "ಈಗ ಯಾರನ್ನೋ ಮುದ್ದು ಮಾಡೋ ಹಾಗೆ 'ಚಿನ್ನಾ' ಅನ್ನಿ ಅಮ್ಮಾ" ಅಂದಳು ಸಕ್ಕರೆ. "ಹೆತ್ತ ಮಗನಿಗೇ ಅಂದಿಲ್ಲ, ಈ ತಗಡಿಗೆ ಅನ್ನಲಾ?" ಎಂದು ಮೈಕಿನ ಮುಂದೆಯೇ ರೇಗಿದೆ. "ಪರವಾಗಿಲ್ಲ ಅಮ್ಮಾ, ಇದೂ ಉಪಯೋಗಕ್ಕೆ ಬರತ್ತೆ" ಅಂದಳು. ಆ ಮಾತಿಗೆ ಮೈ ಝುಂ ಅಂದಿತು. ಯಾಕೆಂದು ಆಗ ತಿಳಿಯಲಿಲ್ಲ.

ತಿಳಿದದ್ದು ಔಷಧಿ ಅಂಗಡಿಯಲ್ಲಿ. ಮಾತ್ರೆಗೆ ಹೋಗಿ ನಿಂತಿದ್ದೆ. ಮೇಲಿನ ಸ್ಪೀಕರು ಪೆಟ್ಟಿಗೆಯಿಂದ ನಾನು ಹಾಡಲು ಶುರುಮಾಡಿದೆ. ಗಂಟಲು ಕೆರೆತದ ಗುಳಿಗೆಯ ಜಾಹೀರಾತು. ನಾನು ಯಾವತ್ತೂ ಹಾಡಿದ್ದಲ್ಲ, ಆ ಗುಳಿಗೆಯನ್ನು ಕಣ್ಣಲ್ಲಿ ಕಂಡವಳೂ ಅಲ್ಲ. ಆದರೆ ದನಿ ನನ್ನದೇ, ಮೂವತ್ತರ ವಯಸ್ಸಿನದು. ಅಂಗಡಿಯವನು ಚಿಲ್ಲರೆ ಕೊಡುತ್ತಾ, "ಏನಮ್ಮಾ ಗಂಟಲು ನಿಮ್ದು! ಈ ವಯಸ್ಸಲ್ಲೂ! ಈ ಗುಳಿಗೆಯದೇ ಮಹಿಮೆಯಾ?" ಅಂದ. ನಾನು ಏನೂ ಹೇಳಲಿಲ್ಲ. ಕಿವಿಗೊಟ್ಟು ಕೇಳಿದೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ಕಾದೆ. ಗುಬ್ಬೀ, ಅದು ಉಸಿರು ತೆಗೆದುಕೊಳ್ಳುವುದೇ ಇಲ್ಲ. ಕಂಪನಿಯ ಕಂಪ್ಯೂಟರು ನಮ್ಮ ಟೇಪು ಕೇಳಿ ನನ್ನ ದನಿ ಕಲಿತದ್ದಲ್ಲವೇ? ನಾವು ಉಸಿರನ್ನು ಬಚ್ಚಿಟ್ಟೆವು, ಅದು ಉಸಿರೇ ಬೇಡ ಎಂದು ಕಲಿತಿದೆ.

ಆಮೇಲೆ ಇನ್ನೊಂದು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಗುನುಗಿದ್ದನ್ನು ಸೊಸೆ ಯಾವತ್ತೋ ಫೋನಿನಲ್ಲಿ ಹಿಡಿದಿಟ್ಟಿದ್ದಳು. ನೆಂಟರಿಷ್ಟರು ಕೇಳಲಿ ಎಂದು ಇಂಟರ್ನೆಟ್ಟಿಗೆ ಹಾಕಿದಳಂತೆ. ಮರುದಿನವೇ ಅದನ್ನು ಕಿತ್ತುಹಾಕಿದರು. ಈ ದನಿ ಕಂಪನಿಯ ಸೊತ್ತು, ನೀವು ಹಾಕುವಂತಿಲ್ಲ ಎಂದು ಫೋನಿನಲ್ಲೇ ಬರೆದು ಬಂತು. ನನ್ನ ಅಡುಗೆಮನೆ, ನನ್ನ ಪಾತ್ರೆ, ನನ್ನ ಗಂಟಲು, ಸೊತ್ತು ಇನ್ಯಾರದೋ! ನೀನು ಫೋನಿನಲ್ಲಿ ಮಕ್ಕಳಿಗೆ ಹಾಡಿನ ಪಾಠ ಹೇಳಿ ಸಂಸಾರ ತೂಗಿಸುತ್ತಿದ್ದೀಯ. ಬೆರಳು ಒತ್ತಿದ ಮರುದಿನ ಆ ಪಾಠವನ್ನೂ ಹೀಗೇ ಕಿತ್ತರೆ ಏನು ತಿನ್ನುತ್ತೀಯ? ಕಂಪನಿಯವರು ನಿನ್ನ ದನಿಯಲ್ಲೇ ನಿನ್ನ ಮಕ್ಕಳಿಗೆ ಪಾಠ ಹೇಳುತ್ತಾರೆ. ನಿನಗಿಂತ ತಾಳ್ಮೆಯಿಂದ ಹೇಳುತ್ತಾರೆ, ನೋಡುತ್ತಿರು.

ನಿನ್ನ ತಂಟೆಗೆ ಯಾಕೆ ಬಂದರು ಅಂತೀಯಾ? ನನ್ನ ಮಗನ ಬಾಯಿಂದ. ಮೂರು ವಾರದ ಹಿಂದೆ ಸಕ್ಕರೆ ಬಂದು ಮುಂದಿನ ಕೋಣೆಯಲ್ಲಿ ಕೂತಳು. ಮೊಮ್ಮಗಳು ಪುಟ್ಟಿಯನ್ನು ಮಲಗಿಸಲು ಸೊಸೆ ಹಾಕುವ ಹಾಡು, ಅದೇ ನಮ್ಮ ಜೋಗುಳ, ಆ ಯಂತ್ರ ಹಾಡಿದ್ದನ್ನು ಹಾಕಿದಳು. ಮೂರನೇ ಸಾಲು ಉದ್ದ, ನಿನಗೆ ಗೊತ್ತು. ಅಲ್ಲಿಗೆ ಬಂದರೆ ಆ ದನಿ ಎಡವುತ್ತದೆ. ನಡುಗಿ, ಎರಡಾಗಿ ಸೀಳಿ, ಸಿಕ್ಕಿಕೊಂಡ ಕ್ಯಾಸೆಟ್ಟಿನ ಹಾಗೆ ಕಿರುಗುಡುತ್ತದೆ. ಪುಟ್ಟಿ ದಿನಾ ಅಲ್ಲಿಗೇ ಬೆಚ್ಚಿ ಕಣ್ಣು ಬಿಡುತ್ತಾಳೆ.

"ಉದ್ದ ಸಾಲು ಬಂದಾಗೆಲ್ಲ ಹೀಗೇ ಆಗ್ತಿದೆ. ಹಳೇ ಟೇಪು ಬಿಡಿಸಿ ನೋಡಿದ್ವಿ. ಇಲ್ಲಿ ಇನ್ನೊಬ್ಬರು ಇದ್ದಾರೆ. ಯಾರಮ್ಮಾ ಅದು?" ಅಂದಳು.

ನಾನು ಬಾಯಿ ಬಿಡಲಿಲ್ಲ. ಮಗನ ಕಡೆ ಕಣ್ಣು ಕೆಕ್ಕರಿಸಿ ನೋಡಿದೆ. ಕಣ್ಣಿನ ಭಾಷೆ ಅವನಿಗೆ ಯಾವಾಗ ಅರ್ಥವಾಗಿದೆ? "ಓ, ಅದು ನಮ್ಮ ಚಿಕ್ಕಮ್ಮ!" ಎಂದು ಹಲ್ಲು ಕಿರಿದ. "ಅಮ್ಮನಿಗೆ ಉಸಿರು ಸಾಲದೇ ಇದ್ದಾಗ ಚಿಕ್ಕಮ್ಮ ಹಿಡ್ಕೋತಿದ್ರಂತೆ." ನಾನೇ ಯಾವತ್ತೋ ಜಂಬಕ್ಕೆ ಹೇಳಿದ್ದ ಕಥೆ. ಕೈಯಲ್ಲಿದ್ದ ಲೋಟವನ್ನು ನೆಲಕ್ಕೆ ಕುಕ್ಕಿದೆ. ಸಕ್ಕರೆ ಲೋಟ ಎತ್ತಿ ಮೇಜಿನ ಮೇಲಿಟ್ಟು, ನೀರು ಒರೆಸಿ, "ಚಿಕ್ಕಮ್ಮ ಈಗ ಎಲ್ಲಿದ್ದಾರೆ?" ಎಂದು ಕೇಳಿದಳು.

ಅವಳು ಹೋದ ಮೇಲೆ ಮಗ, "ಇದರಲ್ಲಿ ತಪ್ಪೇನಮ್ಮಾ? ಚಿಕ್ಕಮ್ಮನಿಗೂ ನಾಲ್ಕು ಕಾಸು ಸಿಗಲಿ. ಅವರ ಹೆಸರೂ ಹಾಕ್ತಾರಂತೆ" ಅಂದ. ನಿನಗೂ ಅದನ್ನೇ ಹೇಳುತ್ತಾರೆ. ಕ್ಯಾಸೆಟ್ಟಿನ ಮೇಲೆ ಬಾರದ ಹೆಸರು ಈಗ ಬರುತ್ತದೆ ಎಂದು ನಿನ್ನ ಮನಸ್ಸು ಕರಗಬಹುದು. ಕರಗಬೇಡ. ಹೆಸರು ಕೊಟ್ಟು ಹೆಸರಿನವಳನ್ನು ತೆಗೆದುಕೊಳ್ಳುವ ವ್ಯಾಪಾರ ಇದು.

ಬಾಗಿಲು ತೆಗೆಯದೆ ಇರು ಅನ್ನುವುದಿಲ್ಲ, ನೀನು ನಾಯಿಗೂ ಬಾಗಿಲು ತೆಗೆಯುವವಳು. ಕೂರಿಸು, ನೀರು ಕೊಡು, ಬೆರಳು ಮಾತ್ರ ಕೊಡಬೇಡ. ಅವಳ ಮುಂದೆ ಹಾಡಬೇಡ. ನಗಲೂ ಬೇಡ.

ನಿನ್ನ ಗಂಟಲು ನೂರು ವರ್ಷ ನಿನ್ನದಾಗಿಯೇ ಇರಲಿ. ಮಕ್ಕಳು ಮೊಮ್ಮಕ್ಕಳು ಚೆನ್ನಾಗಿರಲಿ. ಮಂಡಿಗೆ ಬಿಸಿ ನೀರಿನ ಚೀಲ ಇಟ್ಟುಕೋ, ಸೋಮಾರಿತನ ಮಾಡಬೇಡ.

ನಿನ್ನ ಅಕ್ಕ
ಗುಡುಗು

ಮರೆತು ಉಳಿದದ್ದಲ್ಲ, ಬೇಕೆಂದೇ ಕೆಳಗಿಟ್ಟದ್ದು:

ನಿನ್ನ ಕಾಗದದ ಒಂದು ಮಾತಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. "ಅಕ್ಕಾ, ನನ್ನ ಹುಟ್ಟಿದ ದಿನಕ್ಕೆ ಫೋನಿಗೆ ಕಳಿಸಿದೆಯಲ್ಲ, 'ಗುಬ್ಬೀ, ನೀನಿಲ್ಲದಿದ್ದರೆ ನಾನು ಎಲ್ಲಿ ಹಾಡುತ್ತಿದ್ದೆ, ಚಿನ್ನಾ' ಅಂತ. ಜನ್ಮದಲ್ಲಿ ಒಂದು ಸಲವಾದರೂ ಅಂದೆಯಲ್ಲ. ದಿನಾ ಕೇಳಿ ಅಳುತ್ತೇನೆ" ಎಂದು ಬರೆದಿದ್ದೀಯ.

ಅದು ನಾನಲ್ಲ.

ದುಡ್ಡು ಕಟ್ಟಿದವರಿಗೆಲ್ಲ ನನ್ನ ದನಿಯಲ್ಲಿ ಹುಟ್ಟುಹಬ್ಬದ ಹಾರೈಕೆ ಕಳಿಸುತ್ತಾರೆ. ಹಾಡಿಗಿಂತ ಅದರಲ್ಲೇ ಅವರಿಗೆ ಹೆಚ್ಚು ಲಾಭವಂತೆ. ನಿನ್ನದು ಪುಕ್ಕಟೆ ಬಂತು. ನೀನು ಹುಟ್ಟಿದ ದಿನ ಯಾವುದು, ನಾನು ನಿನ್ನನ್ನು ಏನೆಂದು ಕರೆಯುತ್ತೇನೆ, ಎಲ್ಲವನ್ನೂ ಸಕ್ಕರೆ ನನ್ನ ಮಗನಿಂದ ಬರೆಸಿಕೊಂಡು ಹೋಗಿದ್ದಳು. ಗಾಳಕ್ಕೆ ಸಿಕ್ಕಿಸಿದ ಹುಳ ಅದು.

ನಾನು ಫೋನು ಎತ್ತಿ ಏನು ಮಾಡಲಿ? ಗಂಟಲಲ್ಲಿ ಗಡ್ಡೆ ಇತ್ತು. ಎರಡು ತಿಂಗಳ ಹಿಂದೆ ಡಾಕ್ಟರು ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕತ್ತಿನ ಬುಡದಲ್ಲೊಂದು ತೂತು, ಉಸಿರು ಅಲ್ಲಿಂದ. ನಿನ್ನ ಎದೆ ಮೊದಲೇ ಹುಷಾರಿಲ್ಲ, ಹೇಳಬೇಡಿ ಎಂದು ಬರೆದು ತೋರಿಸಿದವಳು ನಾನೇ. ಔಷಧಿ ಅಂಗಡಿಯವನಿಗೆ ಉತ್ತರ ಕೊಡದಿದ್ದದ್ದು, ಸಕ್ಕರೆಯ ಮುಂದೆ ಲೋಟ ಕುಕ್ಕಿದ್ದು ಯಾಕೆಂದು ಈಗ ತಿಳಿಯಿತಲ್ಲ?

ನಿನಗೆ ಬಂದ ಆ ಮಾತು ಸುಳ್ಳಲ್ಲ ಗುಬ್ಬೀ. ಆದರೆ ನನಗಿಂತ ಮೊದಲು ಅದು ಹೇಳಿಬಿಟ್ಟಿತು. ಇನ್ನು ನಾನು ಹೇಳುವಂತಿಲ್ಲ. ಅಳಿಸಿಹಾಕು ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಇಟ್ಟುಕೋ. ಆದರೆ ನಾಳೆ ಅದೇ ದನಿ "ಬೆರಳು ಒತ್ತು ಚಿನ್ನಾ" ಅಂದರೆ ನಂಬಬೇಡ. ನಾನು ಅಂದರೆ ಈ ಸೊಟ್ಟ ಅಕ್ಷರ, ನಿನ್ನ ಮಣಿಕಟ್ಟು ಒತ್ತುವ ಈ ಕೈ. ಬೇರೆ ಯಾವುದೂ ನಾನಲ್ಲ.

ಈಗ ಪಕ್ಕದ ಕೋಣೆಯಲ್ಲಿ ಪುಟ್ಟಿ ಮಲಗಲೆಂದು ಸೊಸೆ ಜೋಗುಳ ಹಾಕಿದ್ದಾಳೆ. ನಾನು ಪೆನ್ನು ಹಿಡಿದು ಕೇಳುತ್ತಾ ಕೂತಿದ್ದೇನೆ. ಮೂರನೇ ಸಾಲು ಬಂತು. ಎಡವುತ್ತದೆ ಎಂದು ಕಾದೆ. ಎಡವಲಿಲ್ಲ. ಪುಟ್ಟಿ ಕಣ್ಣು ಬಿಡಲಿಲ್ಲ. ನಾನು ನಿನ್ನ ಮಣಿಕಟ್ಟು ಒತ್ತುತ್ತಿದ್ದ ಜಾಗದಲ್ಲಿ, ಗಂಟಲು ದಪ್ಪ ಮಾಡಿಕೊಂಡು, ನೀನು ಎತ್ತಿಕೊಂಡೆ.

ಗುಬ್ಬೀ, ಸಕ್ಕರೆ ಬಂದು ಹೋದಳಾ?