ಪೂರ್ವಕ್ಕೆ ಮುಖ ಮಾಡಿದ ಕೋರ್ಟು

೬-೧೧-೧೯೭೯, ಮಂಗಳವಾರ
ಎರಡು ಪತ್ರಿಕೆ ಓದಿ ಮುಗಿಯಿತು. ಮೊಣಕಾಲಿಗೆ ಎಣ್ಣೆ. ಹೂವಪ್ಪ ಬಂದಿದ್ದ, ತಾಲೂಕು ಆಫೀಸಿಗೆ ಅರ್ಜಿ ಬರೆಸಲು. ಕಾಪುವಿನಲ್ಲಿ ಯಾರಿಗೆ ಏನು ಸಂಶಯ ಬಂದರೂ ನನ್ನ ಜಗಲಿಗೇ ಬರುತ್ತಾರೆ. ಅಷ್ಟಾದರೂ ಉಂಟು.

ಸಂಜೆ ಕ್ಲಬ್ಬಿನ ಮೀಟಿಂಗ್. ಕಟ್ಟಡದ ಹಿಂದಿನ ಜಾಗದಲ್ಲಿ, ಸಮುದ್ರದ ಕಡೆಗೆ, ಬಾಲ್ ಬ್ಯಾಡ್ಮಿಂಟನ್ ಕೋರ್ಟು ಕಟ್ಟುವುದೆಂದು ತೀರ್ಮಾನ. ಅಧ್ಯಕ್ಷ ಹಯಗ್ರೀವ ಉಪಾಧ್ಯರು ಪ್ಲಾನ್ ಬಿಡಿಸಿ ತಂದಿದ್ದರು. ಎಂಬತ್ತು ಅಡಿ ಉದ್ದ, ನಲವತ್ತು ಅಗಲ. ನಮ್ಮ ಟೀಮಿನ ಲೂಯಿಸ್, "ತಲೆ ಅಂದ್ರೆ ಉಪಾಧ್ಯರದ್ದು ಮಾರಾಯ್ರೇ!" ಎಂದ. ಚಪ್ಪಾಳೆ. ನಾನೂ ತಟ್ಟಿದೆ. ಎರಡು ಸಲ.

ಆ ಪ್ಲಾನ್ ನನ್ನದು! ೧೯೬೨ರ ಜನವರಿಯಲ್ಲಿ ಕೊಟ್ಟದ್ದು. ಆಗ ಇವರು ಕಾರ್ಯದರ್ಶಿ. "ನೋಡುವ" ಎಂದು ಕಡತಕ್ಕೆ ಸೇರಿಸಿದರು. ಹದಿನೇಳು ವರ್ಷ ನೋಡಿದರು. ಈಗ ನಕಲು ತೆಗೆದಿದ್ದಾರೆ, ಕಂಬದ ಗುಂಡಿಯ ಆಳ ಕೂಡ ಹಾಗೇ. ಬಿಟ್ಟದ್ದು ಎರಡೇ: ನನ್ನ ಹೆಸರು, ಮತ್ತು ಮೂಲೆಯಲ್ಲಿ ದಿಕ್ಕು ತೋರಿಸುವ ಬಾಣ.

೭-೧೧
ರಮಾಮಣಿ: "ನಿಮ್ಮದು ಅಂತ ಅಲ್ಲೇ ಹೇಳಬಾರದಿತ್ತಾ?"
ಕೇಳಿ ಪಡೆದರೆ ಅದೆಂತ ಗೌರವ... ಹೆಂಗಸರಿಗೆ, ಸ್ವಂತ ಹೆಂಡತಿಗೂ, ಇದು ಅರ್ಥವಾಗುವುದಿಲ್ಲ.

೧೮-೧೧, ಆದಿತ್ಯವಾರ
ಹಗ್ಗ ಹಿಡಿದು ಗುರುತು ಹಾಕಿದರು. ಉದ್ದ ಪೂರ್ವ–ಪಶ್ಚಿಮ! "ಅಂಗಳ ಅಂದ್ಮೇಲೆ ಪೂರ್ವಕ್ಕೆ ಮುಖ ಬೇಕು. ಆಟದ ಅಂಗಳ ಆದ್ರೆ ಎಂತ?" – ಉಪಾಧ್ಯರು.

ನೆಲ ಬಡಿಯಲು ಸರಸ ಮತ್ತು ಮೂವರು ಹೆಂಗಸರು. ಮರದ ಹಲಗೆ ಕೆಳಗಿಟ್ಟು ಸರಸ ಹಣೆಗೆ ಕೈ ಅಡ್ಡ ಹಿಡಿದಳು. "ಉಪಾಧ್ಯರೇ, ಸಂಜೆಗೆ ಈಚೆ ತುದಿಯಲ್ಲಿ ನಿಂತವರಿಗೆ ಕಣ್ಣು ಬಿಡ್ಲಿಕ್ಕೆ ಆಗ್ಲಿಕ್ಕಿಲ್ಲ. ಬಿಸಿಲು ನೇರ ಮುಖಕ್ಕೇ ಬರ್ತದೆ. ಮೀನು ಒಣಗಿಸುವ ನಮಗೆ ಗೊತ್ತುಂಟು."

ಎಲ್ಲರೂ ನಕ್ಕರು. ಲೂಯಿಸ್, "ಸರಸಕ್ಕನನ್ನೇ ಕೋಚ್ ಮಾಡುವ!"
"ಮಾಡು. ಮೊದಲು ನಿನಗೆ ಬ್ಯಾಟು ಹಿಡೀಲಿಕ್ಕೆ ಕಲಿಸ್ತೇನೆ."

ಉಪಾಧ್ಯರು ನನ್ನ ಕಡೆ ತಿರುಗಿದರು. "ರಾಯರೇ, ನೀವು ಓದಿದವರು. ಪುಸ್ತಕದಲ್ಲಿ ಎಂತ ಉಂಟು?"

ಉದ್ದ ಉತ್ತರ–ದಕ್ಷಿಣ ಇರಬೇಕು. ಯಾವ ಪುಸ್ತಕ ತೆರೆದರೂ ಉಂಟು. ಅವಳು ಹೇಳಿದ್ದು ಅಕ್ಷರಶಃ ಸರಿ. ನಾಲಿಗೆಯ ತುದಿಗೆ ಬಂದಿತ್ತು. "ದಿಕ್ಕಿನ ಪ್ರಶ್ನೆ ಬರುವುದಿಲ್ಲ. ಹೀಗೇ ಇರಲಿ" ಎಂದೆ.

"ಕೇಳಿದೆಯಾ ಸರಸ? ರಾಯರೇ ಹೇಳಿದ ಮೇಲೆ ಮುಗೀತು."
ಮತ್ತೆ ನಗು. ಸರಸ ಒಮ್ಮೆ ನನ್ನನ್ನು ನೋಡಿದಳು. ಬಡಿಯಲು ಕೂತಳು.

೯-೧೨
ಸೆಗಣಿ ಸಾರಿಸಿ ಮುಗಿದಿದೆ. ನೆಲ ಸ್ಲೇಟಿನ ಹಾಗೆ. ಎಷ್ಟು ಚಂದ ಮಾಡಿಸಿದ್ದಾರೆ, ಹೊಟ್ಟೆ ಉರಿಯುವಷ್ಟು. ಗೋಡೆಯಲ್ಲಿ ಅಮೃತಶಿಲೆ: "ಯೋಜನೆ – ಹಯಗ್ರೀವ ಉಪಾಧ್ಯ". ಇರಲಿ. ಹದಿನಾರಕ್ಕೆ ಉದ್ಘಾಟನೆ. ಸಂಜೆ ಐದು ಗಂಟೆಗಾಗಿ ಕಾಯುತ್ತಿದ್ದೇನೆ.

೧೬-೧೨, ಸಂಜೆ ೭
ಕಾರ್ಕಳದ ಟೀಮಿನ ಜೊತೆ ಆಟ. ಐದು ಗಂಟೆ ಹತ್ತು ನಿಮಿಷ. ಮೂರನೇ ಗೇಮ್. ನಮ್ಮವರ ಮುಖ ಪಶ್ಚಿಮಕ್ಕೆ. ಲೂಯಿಸನಿಗೆ ಚೆಂಡೇ ಕಾಣಲಿಲ್ಲ. ಮೂರು ಸಲ ಎದೆಗೆ ಬಡಿಯಿತು. ಕಾರ್ಕಳದವನೊಬ್ಬ ಕೂಗಿದ, "ಇದೆಂತ, ಸೂರ್ಯನಮಸ್ಕಾರಕ್ಕೆ ಕಟ್ಟಿದ್ದಾ?"

ಉಪಾಧ್ಯರ ಮುಖ ನೋಡಲೆಂದು ಕುತ್ತಿಗೆ ಚಾಚಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಕೋಪವಿಲ್ಲ. "ರಾಯರನ್ನು ಕೇಳಿಯೇ ಮಾಡಿದ್ದಲ್ವಾ..." ಅಷ್ಟೇ. ಇಡೀ ಸಭೆ ನನ್ನ ಕಡೆ ತಿರುಗಿತು. ಲೂಯಿಸ್ ಬ್ಯಾಟು ಎಸೆದ. "ರಾಯರ ಪುಸ್ತಕದಲ್ಲಿ ಸೂರ್ಯ ಯಾವ ಕಡೆ ಮುಳುಗ್ತಾನೆ ಕೇಳಿ!"

ಇದನ್ನು ಯೋಚಿಸಿರಲಿಲ್ಲ.

೨೦-೧೨
ಹೊರಗೆ ಹೋಗಿಲ್ಲ. ಹೂವಪ್ಪ ಅರ್ಜಿ ಹಿಡಿದು ಮನೆಯ ಮುಂದಿನಿಂದಲೇ ದಾಟಿ ಹೋದ, ಮೆಟ್ಟಿಲು ಹತ್ತಲಿಲ್ಲ. ಕೋರ್ಟು ಅಗೆದು ತಿರುಗಿಸುತ್ತಾರಂತೆ. ಸರಸನನ್ನು ಕರೆಸಿ, ಕುರ್ಚಿ ಹಾಕಿ ಕೂರಿಸಿ, ಯಾವ ದಿಕ್ಕು ಎಂದು ಕೇಳಿದರಂತೆ. ಕುರ್ಚಿ! ೧೯೬೨ರಲ್ಲಿ ನನ್ನನ್ನು ನಿಲ್ಲಿಸಿಯೇ ಮಾತಾಡಿದ್ದರು.

೨೩-೧೨, ಆದಿತ್ಯವಾರ
ಉಪಾಧ್ಯರು ಮನೆಗೆ ಬಂದರು. ಕಾಫಿ.
"ಬೇಸರ ಮಾಡ್ಬೇಡಿ ರಾಯರೇ. ನಿಮಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಸಮ ಸಮ."

ಸಮ! ಇವರಿಗೆ ನಾನು ಸಮ!
"ನನಗೆ ಗೊತ್ತಿತ್ತು" ಎಂದೆ.
"ಎಂತ?"
"ಅವತ್ತೇ ಗೊತ್ತಿತ್ತು. ಬೇಕೆಂದೇ ಸುಳ್ಳು ಹೇಳಿದೆ. ನಿಮ್ಮ ಮಾನ ಹೋಗಲಿ ಅಂತ."

ಕಾಫಿಯ ಲೋಟ ಕೆಳಗಿಟ್ಟರು. ಆಮೇಲೆ ನಗುತ್ತ ನನ್ನ ಮೊಣಕಾಲು ತಟ್ಟಿದರು. "ನೀವಾ? ಸುಳ್ಳಾ? ಬಿಡಿ ಮಾರಾಯ್ರೇ. ಗೊತ್ತಿರ್ಲಿಲ್ಲ ಅಂತ ಒಪ್ಪಿಕೊಳ್ಳುವುದು ಅಷ್ಟು ಕಷ್ಟವಾ?"

ಗೇಟಿನವರೆಗೂ ಹಿಂದೆ ಹೋಗಿ ಹೇಳಿದೆ. ಕೂಗಿಯೇ ಹೇಳಿದೆ. ಅವರು ತಿರುಗಿ ರಮಾಮಣಿಗೆ, ಮೆಲ್ಲಗೆ, "ಇವರನ್ನು ಸ್ವಲ್ಪ ನೋಡಿಕೊಳ್ಳಿ ಅಕ್ಕ" ಎಂದು ಹೊರಟರು.

ರಮಾಮಣಿ ನಗಲಿಲ್ಲ. "ಹಾಗಾದ್ರೆ ಅವತ್ತು ಆ ಹೆಂಗಸನ್ನು ನೋಡಿ ಎಲ್ಲರೂ ನಗುವಾಗ ಅವಳು ಹೇಳಿದ್ದು ಸರಿ ಅಂತ ನಿಮಗೆ ಗೊತ್ತಿತ್ತು." ಒಳಗೆ ಹೋದಳು.

ನನ್ನ ಮಾತು ನಂಬಿದ್ದು ಅವಳೊಬ್ಬಳೇ. ಅದೂ ಹೀಗೆ.