ದಡದ ಉಸಿರು

ಜೂನ್ 4, ಬೆಳಿಗ್ಗೆ 6
ಕೂತೆ. ಮುಖ ಎಡಕ್ಕೆ, ಬಾಯಿಂದ ಉಸಿರು ಒಳಗೆ. ಮುಖ ನೇರಕ್ಕೆ, ಮೂಗಿನಿಂದ ನಿಧಾನವಾಗಿ ಹೊರಗೆ. ಧ್ಯಾನ ಚೆನ್ನಾಗಿ ಹಿಡಿಯಿತು. ಇದನ್ನು ಕಲಿತ ಮೇಲೆ ನನ್ನ ಸಿಡುಕು ಇಳಿದದ್ದು ಸುಳ್ಳಲ್ಲ. ನಮ್ಮ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳೇ ಹೇಳುತ್ತಾರೆ.

ಪಕ್ಕದ ಕೋಣೆಯಲ್ಲಿ ತಂಗಿ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ದಿನದಿಂದ ಹೊಸಿಲು ದಾಟಿಲ್ಲ. ಬಾಗಿಲ ಹತ್ತಿರ ಹೋದರೆ ಸಾಕು, ಉಸಿರು ಕಟ್ಟುತ್ತದೆ. ಡಾಕ್ಟರ ಮಾತ್ರೆ ನಡೆಯುತ್ತಿದೆ. ಇದನ್ನೂ ಹೇಳಿಕೊಡೋಣವೆಂದರೆ — ಆಣೆ ಅಡ್ಡ. ಧ್ಯಾನ ಕೇಂದ್ರ ಸೇರಿದ ದಿನವೇ ಮಾತು ಕೊಟ್ಟಿದ್ದೇನೆ: ಗುಹೆಯ ಮೂಲಗುರುಗಳಿಂದ ಇಳಿದು ಬಂದ ವಿದ್ಯೆ, ಯಾರಿಗೂ ಕಲಿಸುವುದಿಲ್ಲ. ಬೇಕಾದವರು ಕೇಂದ್ರಕ್ಕೇ ಬರಬೇಕು. ಇವಳು ಮೆಟ್ಟಿಲೇ ಇಳಿಯುವುದಿಲ್ಲ...

ಜೂನ್ 5
ಕೇಂದ್ರದಲ್ಲಿ ಕೇಳಿಯೇಬಿಟ್ಟೆ — ಮುಖ ಎಡಕ್ಕೇ ಏಕೆ?

ಟೀಚರಮ್ಮ: "ಗುಹೆ ಬಾಗಿಲು ಎಡಕ್ಕಿತ್ತಂತೆ. ಗಾಳಿ ಆ ಕಡೆಯಿಂದ ಬರೋದು."

"ಬಾಯಿಂದ ಯಾಕೆ?"

"ಪರಂಪರೆ."

ಪಕ್ಕದಲ್ಲಿದ್ದ ನಿವೃತ್ತ ಜಡ್ಜ್ ದುರುಗುಟ್ಟಿದರು. ಮುಖ ಎಡಕ್ಕೆ ತಿರುಗಿಸಿದೆ.

ಜೂನ್ 11
ಈಜು ಕೋಚ್ ಒಬ್ಬರು ನಮ್ಮಲ್ಲಿ ಪವರ್ ಇರುವ ಗಾಗಲ್ಸ್ ಮಾಡಿಸಿದ್ದರು. ಲೆನ್ಸ್ ಕೂರಿಸಿ ನಾನೇ ಒಯ್ದೆ. ಕೊಳದಲ್ಲಿ ಹೊಸದಾಗಿ ಸೇರಿದ ಹೆಂಗಸರು ಕಂಬಿ ಹಿಡಿದು ಸಾಲಾಗಿ ನಿಂತಿದ್ದರು. ಕೋಚ್ ದಡದಿಂದ: "ಮುಖ ಎಡಕ್ಕೆ, ಬಾಯಲ್ಲಿ ಎಳ್ಕೊಳ್ಳಿ. ಮುಖ ನೀರೊಳಗೆ, ಮೂಗಲ್ಲಿ ನಿಧಾನಕ್ಕೆ ಬಿಡಿ."

ಗಾಗಲ್ಸ್ ಕೊಡುವುದೇ ಮರೆತುಹೋಯಿತು.

"ಇದರ ಮೂಲ ಯಾವುದು ಸರ್?"

"ಮೂಲ ಎಂಥದ್ರೀ. ಮೂಗಲ್ಲಿ ಎಳ್ಕೊಂಡ್ರೆ ನೀರು ನೆತ್ತಿಗೇರುತ್ತೆ, ಅಷ್ಟೇ."

ದಾರಿಯುದ್ದಕ್ಕೂ ನಗು. ಮನೆ ಮುಟ್ಟುವ ಹೊತ್ತಿಗೆ ಸಿಟ್ಟು. ಈ ಗುಹೆಯ ಮಾತು ನಂಬಿ ತಂಗಿಯನ್ನು ಹಾಗೇ ಬಿಟ್ಟೆನಲ್ಲ.

ಜೂನ್ 12, ಬೆಳಿಗ್ಗೆ
ಇನ್ನು ಹಿಡಿಯುವುದಿಲ್ಲ ಎಂದುಕೊಂಡೇ ಕೂತೆ. ಹಾಳಾದ್ದು, ಇವತ್ತೂ ಹಿಡಿಯಿತು.

ಜೂನ್ 19
ಧೈರ್ಯಕ್ಕೆ ವಾರ ಬೇಕಾಯಿತು. ಕ್ಲಾಸ್ ಮುಗಿದ ಮೇಲೆ ಟೀಚರಮ್ಮನಿಗೆ ಕೊಳದ ಕಥೆ ಒಪ್ಪಿಸಿದೆ. ಚಾಪೆ ಸುತ್ತುತ್ತಿದ್ದ ಅವರು ಅಲ್ಲೇ ಕೂತರು.

"ನಮ್ಮ ಮೂಲಗುರುಗಳು ಪ್ರಾಯದಲ್ಲಿ ನದೀಲಿ ಈಜು ಕಲಿಸ್ತಿದ್ರು. ನೀರಿಗೆ ಹೆದರೋರನ್ನ ಮೊದಲು ದಡದಲ್ಲಿ ಕೂರಿಸಿ ಹೀಗೆ ಉಸಿರಾಡಿಸ್ತಿದ್ರಂತೆ. ಎಷ್ಟೋ ಜನ ನೀರಿಗೆ ಇಳೀಲೇ ಇಲ್ಲ. ಸಮಾಧಾನ ಆಗುತ್ತೆ ಅಂತ ದಡಕ್ಕೇ ದಿನಾ ಬರೋರು."

"ಮತ್ತೆ ಗುಹೆ?"

"ಆಮೇಲಿನವರು ಕಟ್ಟಿದ ಕಥೆ. ದಡದ ವಿದ್ಯೆ ಅಂದ್ರೆ ಯಾರು ಬರ್ತಾರೆ? ನಾನೂ ಹೂಂ ಅಂದ್ಕೊಂಡು ಬಂದೆ."

ತಂಗಿಯ ವಿಷಯ ಹೇಳಿದೆ. ಆಣೆ ಮುರಿಯಲು ಮನಸ್ಸಾಗದ್ದನ್ನೂ ಹೇಳಿದೆ. ಅವರು ಚಾಪೆ ಪಕ್ಕಕ್ಕಿಟ್ಟರು.

"ಹೆದರಿದವರಿಗೆ ಅಂತಲೇ ಹುಟ್ಟಿದ್ದು ಕಣಪ್ಪ ಇದು. ಹೋಗಿ ಹೇಳ್ಕೊಡು. ದಡದ ಕಥೇನೂ ಸೇರಿಸಿ ಹೇಳು. ನಾನೂ ಇನ್ಮೇಲೆ ಅದನ್ನೇ ಹೇಳ್ತೀನಿ."

ಎದೆಯ ಮೇಲಿನ ಭಾರ ಇಳಿಯಿತು. ಅವರ ಮೇಲೆ ಸಿಟ್ಟೂ ಉಳಿಯಲಿಲ್ಲ.

ಜೂನ್ 20
ತಂಗಿಗೆ ತೋರಿಸಿದೆ. ಗುಹೆ, ನದಿ, ದಡ ಎಲ್ಲ ಹೇಳಿ. ಎಷ್ಟು ಕಾಲದ ಮೇಲೆ ನಕ್ಕಳು.

"ಅಣ್ಣ, ನೀನು ಮಾಡಿದ್ರೆ ಮುಳುಗ್ತಾ ಇರೋನ ಥರಾನೇ ಕಾಣ್ತೀಯ."

ಸ್ವಲ್ಪ ಮಾಡಿದಳು. ಸಾಕು ಅಂದಳು. ನಾನು ಬಲವಂತಕ್ಕೆ ಹೋಗಲಿಲ್ಲ.

ಜುಲೈ 2
ಬಾಗಿಲು ತೆರೆದಿಟ್ಟು ಹೊಸಿಲ ಒಳಗೆ ಕೂತು ಉಸಿರಾಡಿದಳು. ಬೆವರಿದಳು. ಎದ್ದು ಓಡಲಿಲ್ಲ.

ಜುಲೈ 16
ಮೆಟ್ಟಿಲವರೆಗೆ ಹೋಗಿ ವಾಪಸ್. ಅತ್ತಳು. ನಾನು ಅಡುಗೆಮನೆಗೆ ಹೋಗಿ... ಬೇಡ, ಅದನ್ನು ಬರೆಯುವುದಿಲ್ಲ.

ಜುಲೈ 23, ಬೆಳಿಗ್ಗೆ
ರಜೆ. ತಡವಾಗಿ ಎದ್ದೆ. ಅವಳು ಆಗಲೇ ಎದ್ದು ಉಸಿರಾಟಕ್ಕೆ ಕೂತಿದ್ದಳು, ನಾನು ಹೇಳದೆಯೇ. ಈಗ ಬೀರು ತೆರೆದ ಸದ್ದು. ಮನೆಯಲ್ಲೇ ಇರುವವಳು ಸೀರೆ ಬದಲಿಸಿ ಏನು ಮಾಡುತ್ತಾಳೋ —

"ಅಣ್ಣ, ನನ್ನ ಚಪ್ಪಲಿ ಎಲ್ಲಿಟ್ಟಿದ್ದೀಯ?"

ಎಲ್ಲಿಟ್ಟೆ? ಮಂಚದ ಕೆಳಗೆ ಇರಬೇ —